ಸುಮಾತ್ರಾದಲ್ಲಿ ಒಂದು ಸಮಾಧಿಯನ್ನು ಹುಡುಕುತ್ತ

ಸನತ್‌ನಗರ

ಭೂಕಂಪ ಎಲ್ಲಿ ಹುಟ್ಟುತ್ತದೆಂದು ತಿಳಿಯುವ ಕೆಲಸದಲ್ಲಿ ಸತ್ತವನು ಗುರುಲಿಂಗಪ್ಪ. ಅದರ ಪರಿಣಾಮವನ್ನು ಹೊತ್ತವಳು ಅವನ ಹೆಂಡತಿ ನೀಲಮ್ಮ. ಹಡಗಿನ ಮಾಲೀಕರು ಹೊರಲಿಲ್ಲ, ಅವನನ್ನು ಹಡಗಿಗೆ ಹತ್ತಿಸಿದ ಗುತ್ತಿಗೆದಾರ ಹೊರಲಿಲ್ಲ, ಆ ಸಮೀಕ್ಷೆಯ ಫಲಿತಾಂಶಕ್ಕಾಗಿ ಕಾದು ಕುಳಿತ ಯಾವ ಸಂಸ್ಥೆಯೂ ಹೊರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪರದೇಶದ ಪ್ರವಾಸವೆಂದರೆ ಓದುಗರು ಕಡಲು, ತೆಂಗು, ಹೊಸ ರುಚಿಗಳನ್ನು ನಿರೀಕ್ಷಿಸುತ್ತಾರೆ. ಅವೂ ಇಲ್ಲಿವೆ. ಆದರೆ ನಾವಿಬ್ಬರು ಹೆಂಗಸರು ಹೋದದ್ದು ಒಂದು ಸಮಾಧಿಯನ್ನು ನೋಡಲು.

ಗುರುಲಿಂಗಪ್ಪ ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯವನು. ಕಟ್ಟಡದ ಕೂಲಿಗೆಂದು ಹೈದರಾಬಾದಿಗೆ ಬಂದು, ಸನತ್‌ನಗರದ ಒಂದು ವರ್ಕ್‌ಶಾಪಿನಲ್ಲಿ ಕಂಪ್ರೆಸರ್ ರಿಪೇರಿ ಕಲಿತ. ಆ ಕಸುಬೇ ಅವನನ್ನು ಕಡಲಿಗೆ ಒಯ್ದಿತು. ಅವನು ಏರಿದ ಹಡಗು ಮೀನು ಹಿಡಿಯುವುದಲ್ಲ, ಸರಕು ಸಾಗಿಸುವುದೂ ಅಲ್ಲ. ಅದು ನೀರಿನ ಮೇಲೆ ನೇರವಾದ ಗೆರೆ ಎಳೆದಂತೆ ಸಾಗುತ್ತ, ಹಿಂದೆ ಕಟ್ಟಿಕೊಂಡ ಗಾಳಿಬಂದೂಕುಗಳಿಂದ ಮತ್ತೆ ಮತ್ತೆ ಸದ್ದು ಹಾರಿಸುತ್ತದೆ. ಸದ್ದು ಕಡಲ ತಳವನ್ನು ಹೊಕ್ಕು, ಕೆಳಗಿನ ಕಲ್ಲಿನ ಪದರಗಳಿಗೆ ಬಡಿದು ಮರಳುತ್ತದೆ. ಮೈಲಿಗಟ್ಟಲೆ ಉದ್ದದ ಕೇಬಲ್ಲಿನಲ್ಲಿ ಪೋಣಿಸಿದ ಮೈಕುಗಳು ಆ ಮರುದನಿಯನ್ನು ಹಿಡಿಯುತ್ತವೆ. ಮರುದನಿಗಳನ್ನೆಲ್ಲ ಜೋಡಿಸಿದರೆ ಕಡಲಡಿಯ ಭೂಮಿಯನ್ನು ಕೊಯ್ದು ನೋಡಿದಂಥ ಚಿತ್ರ ಸಿಗುತ್ತದೆ: ಒಂದು ಭೂಫಲಕ ಇನ್ನೊಂದರ ಅಡಿಗೆ ಎಲ್ಲಿ ನುಸುಳುತ್ತಿದೆ, ಎಲ್ಲಿ ಸಿಕ್ಕಿಕೊಂಡಿದೆ, ಆ ಸಿಕ್ಕು ಬಿಟ್ಟ ದಿನ ಎಷ್ಟು ದೂರದ ನೆಲ ಜಿಗಿಯಬಹುದು. ಸುಮಾತ್ರಾದ ಪಶ್ಚಿಮದ ಕಡಲಿನಲ್ಲಿ ಇಂಥ ಚಿತ್ರ ಬೇಕೇ ಬೇಕು. ಈ ಕೆಲಸವೇ ತಪ್ಪೆಂದು ನಾನು ಹೇಳುವುದಿಲ್ಲ.

ಬಂದೂಕುಗಳಿಗೆ ಗಾಳಿ ಒತ್ತುವ ಕಂಪ್ರೆಸರುಗಳನ್ನು ನೋಡಿಕೊಳ್ಳುವುದು ಗುರುಲಿಂಗಪ್ಪನ ಪಾಲಿಗೆ ಬಂತು. ಕಾರಿನ ಟೈರಿನಲ್ಲಿ ಇರುವುದರ ಹತ್ತಾರು ಪಟ್ಟು ಒತ್ತಡದ ಗಾಳಿ ಅದು. ಸೋರುತ್ತಿದ್ದ ಒಂದು ಪೈಪನ್ನು, ಗಾಳಿ ಇಳಿಸದೆಯೇ ಬಿಗಿಯುತ್ತಿದ್ದಾಗ ಅದು ಸಿಡಿಯಿತೆಂದು ಜೊತೆಯ ಕೆಲಸಗಾರನೊಬ್ಬ ಫೋನಿನಲ್ಲಿ ಹೇಳಿದ. ಗಾಳಿ ಏಕೆ ಇಳಿಸಲಿಲ್ಲ? ಇಳಿಸಿದರೆ ಬಂದೂಕುಗಳು ನಿಲ್ಲುತ್ತವೆ, ಗೆರೆ ತುಂಡಾಗುತ್ತದೆ. ಗೆರೆ ತುಂಡಾಗಬಾರದೆಂದು ಮನುಷ್ಯನನ್ನು ಸಿಡಿಯುವ ಪೈಪಿನ ಎದುರು ನಿಲ್ಲಿಸುವುದು ಅಪಘಾತವಲ್ಲ, ಅಪರಾಧ. ಇದು ಮೊದಲನೆಯದು.

ಎರಡನೆಯದು ಫೋನಿನಲ್ಲಿ ಬಂತು. ಗುತ್ತಿಗೆದಾರನ ಕಡೆಯವನು ನೀಲಮ್ಮನಿಗೆ ಸಾವಿನ ಸುದ್ದಿಯನ್ನೂ ಅಂತ್ಯಕ್ರಿಯೆಯ ಸುದ್ದಿಯನ್ನೂ ಒಂದೇ ಉಸಿರಿನಲ್ಲಿ ಹೇಳಿದ. ದೇಹ ತರಿಸಲು ವೇಳೆ ಇರಲಿಲ್ಲ, ಬಂಡಾ ಆಚೆ ಎಂಬ ಬಂದರಿನಲ್ಲಿ ಎಲ್ಲವನ್ನೂ ಪದ್ಧತಿಯ ಪ್ರಕಾರ ಮುಗಿಸಿದ್ದೇವೆ ಎಂದ. ನೀಲಮ್ಮ ಲಿಂಗಾಯತರ ಹೆಣ್ಣುಮಗಳು. ಅವರಲ್ಲಿ ಪದ್ಧತಿ ಎಂದರೆ ಮಣ್ಣು. ಸತ್ತವರನ್ನು ಕೂರಿಸಿ, ಬದುಕಿದ್ದಾಗ ಕೊರಳಿನಿಂದ ಎಂದೂ ತೆಗೆಯದ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿ ಪತ್ರೆಗಳನ್ನು ತುಂಬಿ ಸಮಾಧಿ ಮಾಡುತ್ತಾರೆ. ಸುಡುವುದಿಲ್ಲ. ಆದುದರಿಂದ ಅವಳು ಆ ಮಾತನ್ನು ಹಾಗೆಯೇ ಅರ್ಥಮಾಡಿಕೊಂಡಳು. ಕಲಬುರಗಿಯಲ್ಲಿ ಹುಟ್ಟಿ ಬೆಳೆದ ನನಗೂ ಬೇರೆ ಅರ್ಥ ಹೊಳೆಯಲಿಲ್ಲ.

ನಾನು ಸನತ್‌ನಗರದ ಕಾರ್ಮಿಕರ ಸಂಘವೊಂದರಲ್ಲಿ ಓಡಾಡುವವಳು, ಮನೆ ಕೂಕಟ್‌ಪಲ್ಲಿಯಲ್ಲಿ. ನೀಲಮ್ಮ ನಮ್ಮ ಬೀದಿಯ ಹಾಸ್ಟೆಲ್ಲುಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾಳೆ. ಪರಿಹಾರದ ಅರ್ಜಿ, ಪೊಲೀಸ್ ದೂರು, ದೂತಾವಾಸಕ್ಕೆ ಮನವಿ ಎಂದು ನಾನು ಒಂದೊಂದಾಗಿ ವಿವರಿಸುತ್ತಿದ್ದರೆ ಅವಳು ಹಿಟ್ಟು ನಾದುತ್ತಲೇ ಕೇಳಿದಳು.

"ಅವೆಲ್ಲ ನೀವು ಮಾಡ್ರಿ ಅಕ್ಕಾರ. ನನಗ ಅವರ ಮಣ್ಣು ತೋರಸ್ರಿ, ಸಾಕು. ಎದುರಿಗೆ ಕುಂತು ಈಬತ್ತಿ ಹಚ್ತೀನಿ, ಒಂದು ಹಿಡಿ ಮಣ್ಣು ಊರಿಗೆ ತರ್ತೀನಿ."

"ಭಾಳ ದೂರ ಐತಿ ನೀಲಮ್ಮ. ಎರಡು ವಿಮಾನ ಬದಲಿ ಮಾಡಬೇಕು."

"ಅವರು ಹೋಗ್ಲಿಲ್ಲೇನ್ರಿ? ಶಹಾಪುರ ದಾಟಿ ಒಬ್ಬರ ಹೋದವರಲ್ಲ, ಅವರ ಹೋಗ್ಯಾರ."

ವಿಮಾನದಲ್ಲಿ

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ವಿಭೂತಿ ಗಟ್ಟಿಗಳು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಿಲ್ವಪತ್ರೆ. ನೀಲಮ್ಮನ ಚೀಲದಲ್ಲಿ ಇದ್ದದ್ದು ಇಷ್ಟೇ. ಬಟ್ಟೆಯನ್ನು ನನ್ನ ಪೆಟ್ಟಿಗೆಯಲ್ಲಿ ಹಾಕಿಸಿದ್ದಳು.

ಕ್ವಾಲಾಲಂಪುರದಲ್ಲಿ ಮುಂದಿನ ವಿಮಾನಕ್ಕೆ ಕಾಯುವಾಗ ಅವಳು ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತು ರೊಟ್ಟಿ ಬಿಚ್ಚಿದಳು. ಹೊಳೆಯುವ ಕಲ್ಲಿನ ಮೇಲೆ ರೊಟ್ಟಿ ಮುರಿದ ಸದ್ದಿಗೆ ಸುತ್ತಲಿನವರು ತಿರುಗಿ ನೋಡಿದರು. ನಾನು ಮುಜುಗರದಿಂದ, "ಇಲ್ಲಿ ಮ್ಯಾಲೆ ಕುಂತು ಉಣ್ಣೋಣಲ್ಲ," ಎಂದೆ. "ಬೀಳೋ ಭಯ ಇಲ್ಲಲ್ರಿ ಇಲ್ಲಿ," ಎಂದು ಅವಳು ನನಗೂ ಒಂದು ತುಂಡು ಚಾಚಿದಳು. ನಾನೂ ಕುಳಿತೆ.

ಎರಡನೆಯ ವಿಮಾನದಲ್ಲಿ ಅವಳಿಗೆ ಕಿಟಕಿ ಸಿಕ್ಕಿತು. ಮೋಡ ಸರಿದು ಮಲಾಕ್ಕಾ ಜಲಸಂಧಿ ಕಾಣಿಸಿದಾಗ ಬಹಳ ಹೊತ್ತು ಹಣೆಯನ್ನು ಗಾಜಿಗೆ ಒತ್ತಿಕೊಂಡು ನೋಡಿದಳು. ಆಮೇಲೆ ಕೇಳಿದಳು:

"ಇದರ ಮ್ಯಾಲೆ ಗೆರಿ ಹ್ಯಾಂಗ ಎಳೀತಾರ್ರಿ? ಎಳದಿದ್ದು ಉಳಿಯೋದ ಇಲ್ಲಲ್ಲ."

ಕಂಪ್ಯೂಟರಿನಲ್ಲಿ ಉಳಿಯುತ್ತದೆ ಎಂದೆ. ಅವಳು ತಲೆಯಾಡಿಸಿದಳು, ನಂಬಿದಂತೆ ಕಾಣಲಿಲ್ಲ.

ಬಂಡಾ ಆಚೆಯ ವಿಮಾನ ನಿಲ್ದಾಣ

ವಿಭೂತಿ ಗಟ್ಟಿಗಳು ತಪಾಸಣೆಯಲ್ಲಿ ಸಿಕ್ಕಿಬಿದ್ದವು. ಬಿಳಿಯ ಉಂಡೆಗಳನ್ನು ಕಂಡ ಅಧಿಕಾರಿಣಿಯ ಮುಖ ಬಿಗಿಯಿತು. ಪವಿತ್ರವಾದ ಬೂದಿ ಎಂದು ನಾನು ಇಂಗ್ಲಿಷಿನಲ್ಲಿ ವಿವರಿಸಿದೆ.

"ಯಾರ ಬೂದಿ?" ಎಂದು ಆಕೆ ಕೇಳಿದರು.

"ಹಸುವಿನದು," ಎಂದುಬಿಟ್ಟೆ.

"ಹಸುವನ್ನು ಸುಟ್ಟಿರಾ?"

ಸಗಣಿ ಎಂಬುದನ್ನು ಯಾವ ಮಾತಿನಲ್ಲಿ ಹೇಳಲೆಂದು ನಾನು ತಡವರಿಸುತ್ತಿರುವಾಗ ನೀಲಮ್ಮ ಮುಂದೆ ಬಂದಳು. ಒಂದು ಗಟ್ಟಿಯನ್ನು ಎತ್ತಿ, ಬಾಟಲಿಯ ನೀರಿನಲ್ಲಿ ಬೆರಳು ಅದ್ದಿ ತಿಕ್ಕಿ, ಹಣೆಗೆ ಮೂರು ಗೆರೆ ಎಳೆದುಕೊಂಡಳು. "ಖಾನೇಕಾ ನೈ ಅಮ್ಮಾ, ಲಗಾನೇಕಾ," ಎಂದಳು, ತಿನ್ನುವುದಲ್ಲ ಹಚ್ಚುವುದು ಎಂದು, ಸನತ್‌ನಗರದ ಕಿರಾಣಿ ಅಂಗಡಿಯಲ್ಲಿ ಮಾತಾಡಿದಷ್ಟೇ ಸಲೀಸಾಗಿ. ಆಕೆ ನಕ್ಕು ವಿಭೂತಿಯನ್ನು ಬಿಟ್ಟುಕೊಟ್ಟರು. ಪತ್ರೆಯನ್ನು ಬಿಡಲಿಲ್ಲ. ಹೊರದೇಶದ ಹಸಿ ಎಲೆಗೆ ಪ್ರವೇಶವಿಲ್ಲವೆಂಬುದು ಅಲ್ಲಿಯ ನಿಯಮ. ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿ, ರಟ್ಟೆಂದು ತಿಳಿದೋ ಏನೋ, ಪಕ್ಕಕ್ಕೆ ಸರಿಸಿದರು.

"ಎಲಿ ಹೋದ್ರ ಹೋಗ್ಲಿ. ಈಬತ್ತಿ ಉಳೀತಲ್ಲ," ಎಂದು ನೀಲಮ್ಮ ನನಗೇ ಸಮಾಧಾನ ಹೇಳಿದಳು.

ಹೊರಗೆ ಬಂದರಿನ ಏಜೆಂಟರ ಕಚೇರಿಯ ಗುಮಾಸ್ತ ಫಜ್ರಿ ಕಾದಿದ್ದರು. ನಲವತ್ತು ದಾಟಿದ, ಇಂಗ್ಲಿಷಿನಲ್ಲಿ ಮೆತ್ತಗೆ ಮಾತಾಡುವ ಮನುಷ್ಯ. ಹಡಗಿನಿಂದ ಗುರುಲಿಂಗಪ್ಪನ ದೇಹವನ್ನು ಇಳಿಸಿಕೊಂಡವರು ಅವರೇ. ನಮ್ಮ ಸಂಘದ ಪತ್ರಕ್ಕೆ ಉತ್ತರ ಬರೆದವರೂ ಅವರೊಬ್ಬರೇ. ಹೋಟೆಲು ಬೇಡ, ನನ್ನ ಅಕ್ಕನ ಮನೆಯಲ್ಲಿ ಇರಿ ಎಂದರು. ಬಂಡಾ ಆಚೆಯಲ್ಲಿ ಹೆಂಗಸರು ತಲೆ ಮುಚ್ಚಿಕೊಳ್ಳುವುದು ರೂಢಿ. ಸೆರಗು ಹೊದ್ದೇ ಬದುಕಿದ ನೀಲಮ್ಮನನ್ನು ಆ ಊರು ತನ್ನವಳೆಂಬಂತೆ ಬರಮಾಡಿಕೊಂಡಿತು. ಸಮಾನತೆಯ ಶಾಲೆಯಲ್ಲಿ ಓದಿ ಕೂದಲನ್ನು ಗಿಡ್ಡ ಕತ್ತರಿಸಿಕೊಂಡ ನನಗೆ ಫಜ್ರಿ ಸಂಕೋಚದಿಂದ ಒಂದು ಶಾಲು ಕೊಟ್ಟರು.

ಮರ್ದಿಯಾ ಅವರ ಮನೆ

ಫಜ್ರಿಯ ಅಕ್ಕ ಮರ್ದಿಯಾ ಬಾಗಿಲಲ್ಲೇ "ಅಪಾ ಕಬರ್?" ಎಂದರು.

"ಖಬರ ಕೇಳಾಕತ್ತಾರ ಅಕ್ಕಾರ," ಎಂದು ನೀಲಮ್ಮ ಥಟ್ಟನೆ ಹೇಳಿದಳು. ಅವಳಿಗೆ ಹಿಡಿಸಲಾರದಷ್ಟು ಹಿಗ್ಗು. ಆಮೇಲೆ ಆ ಇಬ್ಬರಿಗೆ ನನ್ನ ನೆರವು ಬೇಕಾಗಲಿಲ್ಲ. ಕುರ್ಚಿಗೆ ಅಲ್ಲಿ ಕುರ್ಸಿ, ಸೋಪಿಗೆ ಸಾಬುನ್, ಜಗತ್ತಿಗೆ ದುನಿಯಾ. ನಮ್ಮ ಸೀಮೆಯ ಸಂತೆಯ ಮಾತುಗಳು ಕಡಲಾಚೆ ಹೇಗೆ ಬಂದು ಕುಳಿತಿದ್ದವೋ! ಇಬ್ಬರೂ ಅಡಿಗೆಮನೆಯಲ್ಲಿ ಒಂದೊಂದು ವಸ್ತುವನ್ನು ಎತ್ತಿ ಹೆಸರು ಹೇಳಿಕೊಂಡರು. ರೊಟ್ಟಿ ತಿಂದ ಮರ್ದಿಯಾ, ಇದನ್ನು ಅಗಿಯಲು ಹಲ್ಲಿಗೆ ಬೇರೆ ವಿಮೆ ಮಾಡಿಸಬೇಕು ಎಂದದ್ದನ್ನು ಫಜ್ರಿ ನಗುತ್ತ ಅನುವಾದಿಸಿದರು.

ಆ ಊರು ಕಾಫಿಯ ಮೇಲೆ ನಿಂತಿದೆ. ನಮ್ಮ ಇರಾನಿ ಹೋಟೆಲುಗಳಂತೆಯೇ ಒಂದು ಲೋಟ ಹಿಡಿದು ಗಂಡಸರು ಅರ್ಧ ದಿನ ಕಳೆಯುತ್ತಾರೆ. ನಮಾಜಿನ ಹೊತ್ತಿಗೆ ಬಾಗಿಲು ಇಳಿಯುತ್ತದೆ, ಒಳಗಿದ್ದವರು ಹೊರಗೆ ಬಂದು, ಬಾಗಿಲು ಎದ್ದ ಮೇಲೆ ಅದೇ ಜಾಗಕ್ಕೆ ಮರಳುತ್ತಾರೆ. ಆದರೆ ಕಾಫಿ ಅಂಗಡಿಯ ಪಕ್ಕದಲ್ಲಿ, ಶಾಲೆಯ ಎದುರಿಗೆ, ಪೆಟ್ರೋಲ್ ಬಂಕಿನ ಹಿಂದೆ, ಎತ್ತರದ ಜಾಗಕ್ಕೆ ಓಡುವ ದಾರಿ ತೋರಿಸುವ ಫಲಕಗಳಿವೆ. ಸುನಾಮಿಯ ನೀರು ಎಷ್ಟು ಎತ್ತರ ಬಂದಿತ್ತೆಂದು ತೋರಿಸುವ ಕಂಬಗಳಿವೆ. ವಿದ್ಯುತ್ ತಯಾರಿಸುತ್ತಿದ್ದ ದೊಡ್ಡ ಹಡಗೊಂದನ್ನು ಅಲೆ ಎತ್ತಿ ತಂದು ಮನೆಗಳ ನಡುವೆ ಇಟ್ಟಿದೆ. ಅದು ಇಂದಿಗೂ ಅಲ್ಲಿಯೇ ಇದೆ, ಮಕ್ಕಳು ಅದರ ನೆರಳಿನಲ್ಲಿ ಆಡುತ್ತಾರೆ.

ನೀಲಮ್ಮ ಆ ಹಡಗಿನ ಕೆಳಗೆ ನಿಂತು ಮೇಲೆ ನೋಡಿದಳು. "ಇಷ್ಟು ದೊಡ್ಡದು ಮನಿತನಕ ಬಂದೈತಿ. ನಮ್ಮವರು ಒಬ್ಬರ ಬರಲಿಲ್ಲ," ಎಂದಳು.

ಸಮೀಕ್ಷೆಯ ಹಡಗುಗಳ ಬಗ್ಗೆ ನಾನು ಫಜ್ರಿಯನ್ನು ಕೇಳಿದೆ. "ಬರುತ್ತಾರೆ, ಸದ್ದು ಮಾಡುತ್ತಾರೆ, ಹೋಗುತ್ತಾರೆ," ಎಂದರು. "ಯಾವ ದಿನ ನೆಲ ನಡುಗುತ್ತದೆಂದು ಹೇಳಲಾಗುವುದಿಲ್ಲ ಎನ್ನುತ್ತಾರೆ, ಅದು ನನಗೆ ತಿಳಿಯುತ್ತದೆ. ಆದರೆ ಎಲ್ಲಿ ಸಿಕ್ಕಿಕೊಂಡಿದೆ ಎಂಬ ಚಿತ್ರವನ್ನಾದರೂ ನಮ್ಮ ಮಸೀದಿಯಲ್ಲಿ, ಶಾಲೆಯಲ್ಲಿ ಯಾರೂ ಬಂದು ತೋರಿಸಿಲ್ಲ." ಅವರ ಕಡಲು, ಅವರ ಸಾವು, ಚಿತ್ರ ಮಾತ್ರ ಬೇರೆಯವರದು. ಮೂರನೆಯ ಅನ್ಯಾಯವೆಂದು ಇದನ್ನು ಗುರುತಿಸಿಕೊಂಡೆ.

ಸಮಾಧಿ ಎಲ್ಲಿದೆ ಎಂದಾಗ ಫಜ್ರಿ ಹೇಳಿದರು: "ಕಾಗದದಲ್ಲಿ ಹಿಂದೂ ಎಂದಿತ್ತು. ಹಡಗಿನವರು, ಗುತ್ತಿಗೆದಾರರು ಎಲ್ಲವನ್ನೂ ಇಲ್ಲಿಯೇ ಮುಗಿಸಿ ಎಂದು ಆದೇಶ ಕಳಿಸಿದ್ದರು. ಸತ್ತವರನ್ನು ಕಾಯಿಸಬಾರದು ಎಂಬುದು ನಮ್ಮಲ್ಲಿಯ ನಂಬಿಕೆ. ಈ ಊರಿನಲ್ಲಿ ಕೆಲವೇ ತಮಿಳು ಕುಟುಂಬಗಳಿವೆ, ಅವರ ಗುಡಿಗೆ ಒಪ್ಪಿಸಿದೆ. ಬಹಳ ಚೆನ್ನಾಗಿ ಮಾಡಿದರು. ನಾಳೆ ಕರೆದೊಯ್ಯುತ್ತೇನೆ."

ನಾನು ಅನುವಾದಿಸಿದೆ. ನೀಲಮ್ಮ ಕೈಜೋಡಿಸಿದಳು.

ಮುರುಗನ ಗುಡಿ

ಗುಡಿ ಚಿಕ್ಕದು. ಸುನಾಮಿಯಲ್ಲಿ ಕೆಟ್ಟು ಮತ್ತೆ ಕಟ್ಟಿಸಿಕೊಂಡದ್ದು. ಅದನ್ನು ನೋಡಿಕೊಳ್ಳುವ ತಂಗವೇಲು ಎಂಬ ಹಿರಿಯರು ನಮ್ಮನ್ನು ಮದುವೆಯ ಮನೆಗೆ ಬಂದ ಬೀಗರಂತೆ ಕೂರಿಸಿದರು. ಅವರ ತಮಿಳಿನಲ್ಲಿ ಅರ್ಧ ಇಂಡೋನೇಷ್ಯಾದ ಮಾತು. ಉಳಿದರ್ಧದಲ್ಲಿ ನಮಗೆ ಒಂದಿಷ್ಟು ತಿಳಿಯುತ್ತಿತ್ತು, ತಿಳಿಯದ್ದನ್ನು ಫಜ್ರಿ ಹೇಳುತ್ತಿದ್ದರು.

ದೇಹಕ್ಕೆ ಸ್ನಾನ ಮಾಡಿಸಿದ್ದು ತಾವೇ ಎಂದರು. ತಮ್ಮ ಪಂಗುನಿ ಹಬ್ಬಕ್ಕೆ ತಂದಿಟ್ಟ ಹೊಸ ಪಂಚೆ ಉಡಿಸಿದರಂತೆ. ಮಗನಿಲ್ಲದ ಹೆಣವಾಗಬಾರದೆಂದು ತಮ್ಮ ಹಿರಿಯ ಮಗನನ್ನೇ ಮಗನ ಜಾಗದಲ್ಲಿ ನಿಲ್ಲಿಸಿದರಂತೆ. ಮಳೆಗಾಲ, ಒಣ ಕಟ್ಟಿಗೆ ಸಿಗುವುದೇ ಕಷ್ಟ, ಆದರೂ ಐದಾರು ಮನೆಯವರು ಹೊತ್ತು ತಂದರಂತೆ.

ಕಟ್ಟಿಗೆ ಎಂಬ ಮಾತು ತಮಿಳಿನಲ್ಲಿಯೂ ಕಟ್ಟೈ ಎಂದೇ ಬಂತು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ನೀಲಮ್ಮ ನನ್ನ ಕಡೆ ತಿರುಗಿದಳು. "ಕಟಗಿ ಯಾಕ ಅಕ್ಕಾರ?"

ನಾನು ಫಜ್ರಿಯ ಮುಖ ನೋಡಿದೆ.

"ಸುಟ್ರಂತ?"

"ಹೂಂ ನೀಲಮ್ಮ."

ತಂಗವೇಲು ಇದನ್ನು ಗಮನಿಸಲಿಲ್ಲ. ಅವರು ಒಳಗೆ ಹೋಗಿ, ದೇವರ ಪೀಠದ ಪಕ್ಕದ ಪೆಟ್ಟಿಗೆಯಿಂದ ಅರಿಶಿನದ ಬಟ್ಟೆಯ ಒಂದು ಗಂಟನ್ನು ತಂದು ಎರಡೂ ಕೈಯಲ್ಲಿ ಹಿಡಿದು ನೀಲಮ್ಮನಿಗೆ ಕೊಟ್ಟರು. ಬಿಚ್ಚಿದರೆ ಬೆಳ್ಳಿಯ ಕರಡಿಗೆ, ಅದರ ಮಾಸಿದ ದಾರ. ಒಳಗೆ ಗುರುಲಿಂಗಪ್ಪನ ಇಷ್ಟಲಿಂಗ. "ನಮ್ಮವರು ಮೈಮೇಲೆಯೇ ಇರಲಿ ಎಂದರು," ಎಂದು ತಂಗವೇಲು ಹೆಮ್ಮೆಯಿಂದ ಹೇಳಿದರು. "ನಾನೇ ಬೇಡವೆಂದೆ. ಬೆಳ್ಳಿಯ ಒಡವೆ, ಹೆಂಡತಿಗೆ ಸೇರಬೇಕಾದದ್ದು. ಒಬ್ಬರಿಗೂ ಮುಟ್ಟಗೊಡಲಿಲ್ಲ ತಾಯಿ."

ಅವರು ಕಾಪಾಡಿಕೊಟ್ಟದ್ದು ಏನೆಂದು ಅವರಿಗೆ ಗೊತ್ತಿರಲಿಲ್ಲ. ಪ್ರಾಣ ಹೋದರೂ ದೇಹದಿಂದ ಬೇರೆಯಾಗಬಾರದ ಒಂದೇ ಒಂದು ವಸ್ತುವನ್ನು ಅವರು ಬೇರೆ ಮಾಡಿ, ಜೋಪಾನವಾಗಿ ಇಟ್ಟು, ಹೆಂಡತಿಯ ಕೈಗೆ ಹಾಕಿದ್ದರು.

ನನ್ನೊಳಗೆ ಮಾತು ಉಕ್ಕಿ ಬಂತು. ಇವರಿಗೆ ತಿಳಿಯಬೇಕು, ಇನ್ನೊಬ್ಬರಿಗೆ ಹೀಗಾಗಬಾರದು ಎಂದು ಬಾಯಿ ತೆರೆದೆ. ನೀಲಮ್ಮ ನನ್ನ ಮೊಣಕೈ ಹಿಡಿದಳು.

"ಬ್ಯಾಡ್ರಿ ಅಕ್ಕಾರ. ಹೆಣಾ ತೊಳದ ಕೈ ಅದಾವ ಅವು."

"ಆದ್ರ ತಪ್ಪು ಆಗೇತಲ್ಲ ನೀಲಮ್ಮ..."

"ಆಗೇತಿ. ಇವರು ಮಾಡಿಲ್ಲ." ಆಮೇಲೆ ಗಂಟನ್ನು ಸೆರಗಿನಲ್ಲಿ ಕಟ್ಟಿಕೊಂಡು, ಹಿರಿಯರ ಕಾಲು ಮುಟ್ಟಿ, ಅವರಿಗೆ ತಿಳಿಯದ ಕನ್ನಡದಲ್ಲಿ ಹೇಳಿದಳು: "ಛಲೋ ಮಾಡೀರಿ ಅಪ್ಪಾರ. ನಿಮ್ಮ ಮಗಗ ಒಳ್ಳೇದಾಗ್ಲಿ."

ಅವಳು ಹೇಳಿದ್ದೇ ಸರಿ. ತಂಗವೇಲು ತಮ್ಮ ತಂದೆಗೆ ಮಾಡುವುದನ್ನು ಅಪರಿಚಿತನಿಗೆ ಮಾಡಿದರು. ಫಜ್ರಿ ತಮ್ಮವರಲ್ಲಿಯಂತೆ ತಡಮಾಡದೆ ಕಳಿಸಿಕೊಟ್ಟರು. ಇಬ್ಬರಿಗೂ ನೀಲಮ್ಮನ ಫೋನ್ ನಂಬರು ಗೊತ್ತಿರಲಿಲ್ಲ. ಗೊತ್ತಿದ್ದವರು ಬೇರೆ.

ಕಡಲದಂಡೆ

ಸುಟ್ಟ ಜಾಗವನ್ನಾದರೂ ತೋರಿಸಿ ಎಂದಳು ನೀಲಮ್ಮ. ತಂಗವೇಲು ಊರಾಚೆಯ ದಂಡೆಗೆ ಕರೆದೊಯ್ದರು. ಗಾಳಿಮರಗಳ ಸಾಲಿನ ಕೆಳಗೆ ಮರಳು. ಇಲ್ಲಿಯೇ ಎಂದು ಒಂದು ಕಡೆ ಕೈ ತೋರಿಸಿ, ಮತ್ತೆ ಅನುಮಾನಿಸಿ ಇನ್ನೂ ಸ್ವಲ್ಪ ಆಚೆ ತೋರಿಸಿದರು. ಉಬ್ಬರದ ನೀರು ಬಂದು ಹೋಗಿ ಗುರುತು ಉಳಿದಿರಲಿಲ್ಲ. ಬೂದಿ? ಅದನ್ನು ಮರುದಿನವೇ ಕಡಲಿಗೆ ಬಿಟ್ಟೆವು, ಒಂದು ಚೂರೂ ಉಳಿಸದೆ, ಕ್ರಮವಾಗಿ ಎಂದರು.

ನೀಲಮ್ಮ ನೀರನ್ನು ನೋಡುತ್ತ ನಿಂತಳು. ಕಡಲನ್ನು ಅವಳು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಅವರಿಗೆ ಈಜು ಬರ್ತಿದ್ದಿಲ್ರಿ," ಎಂದಳು.

ಅವಳು ಏನೆಂದಳು ಎಂದು ಫಜ್ರಿ ನನ್ನನ್ನು ಕೇಳಿದರು. ನಾನು ಅನುವಾದಿಸಲಿಲ್ಲ.

ನೀಲಮ್ಮ ಕುಳಿತು, ಕೈಯಿಂದಲೇ ಮರಳು ತೋಡತೊಡಗಿದಳು. ಲಿಂಗವನ್ನು ಅಲ್ಲಿಯೇ ಇಡುತ್ತಾಳೆಂದುಕೊಂಡೆ. ಮೊಣಕೈಯುದ್ದ ತೋಡುವಷ್ಟರಲ್ಲಿ ಗುಂಡಿಯಲ್ಲಿ ನೀರು ಒಸರಿತು. ಅವಳು ಕರಡಿಗೆಯನ್ನು ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿ ಹಿಡಿದು, ಗುಂಡಿಯನ್ನೂ ಅದನ್ನೂ ಬದಲಿಸಿ ಬದಲಿಸಿ ನೋಡಿದಳು.

"ಲಿಂಗ ಕೈಯಾಗ ಇಡಬೇಕ್ರಿ. ಕೈ ಎಲ್ಲೈತಿ? ಕೈಯಿಲ್ದ ಹ್ಯಾಂಗ ಇಡ್ಲಿ?"

ಅವಳು ಲಿಂಗವನ್ನು ಮತ್ತೆ ಕರಡಿಗೆಯಲ್ಲಿಟ್ಟು ಕಟ್ಟಿಕೊಂಡಳು. ಊರಿನಿಂದ ಹೊತ್ತು ತಂದ ವಿಭೂತಿ ಗಟ್ಟಿಗಳನ್ನು ಮಾತ್ರ ಒಂದೊಂದಾಗಿ ಒಡೆದು ಗುಂಡಿಗೆ ಹಾಕಿದಳು. ಮೊದಲ ಅಲೆಗೇ ಗುಂಡಿ ಹಾಲಿನಂತಾಯಿತು. ಎರಡನೆಯದಕ್ಕೆ ಮುಚ್ಚಿಹೋಯಿತು. ಒಂದು ಹಿಡಿ ಮಣ್ಣಿಗೆಂದು ತಂದ ಪುಟ್ಟ ಚೀಲವನ್ನು ಅವಳು ಹೊರಗೆ ತೆಗೆಯಲೇ ಇಲ್ಲ.

ಸಾಮೂಹಿಕ ಸಮಾಧಿ

ಮರುದಿನ ಮರ್ದಿಯಾ, ಫಜ್ರಿಯನ್ನೂ ಜೊತೆಗೆ ಕರೆದುಕೊಂಡು, ನಮ್ಮನ್ನು ಊರಂಚಿನ ಒಂದು ಹುಲ್ಲುಗಾವಲಿಗೆ ಕರೆದೊಯ್ದರು. ಹಾಗೆಂದು ನಾನು ತಿಳಿದೆ. ಗೇಟಿನ ಬಳಿ ಫಲಕವನ್ನು ಓದಿದ ಮೇಲೆ ತಿಳಿಯಿತು, ಸುನಾಮಿಯಲ್ಲಿ ಸತ್ತ ಸಾವಿರಾರು ಜನರನ್ನು ಒಟ್ಟಿಗೆ ಮಣ್ಣು ಮಾಡಿದ ಜಾಗ ಅದು. ಗೋರಿಗಳಿಲ್ಲ, ಹೆಸರುಗಳಿಲ್ಲ, ಕತ್ತರಿಸಿದ ಹುಲ್ಲು ಮಾತ್ರ. ಅಲ್ಲಲ್ಲಿ ಹೆಂಗಸರು ಕುಳಿತು ಪ್ರಾರ್ಥನೆ ಓದುತ್ತಿದ್ದರು.

ಮರ್ದಿಯಾರ ಗಂಡ, ಮಗಳು ಇಬ್ಬರೂ ಆ ದಿನ ಹೋದವರು. ಇಲ್ಲಿ ಇದ್ದಾರೆಯೇ, ಇನ್ನೊಂದು ಸಮಾಧಿಯಲ್ಲಿ ಇದ್ದಾರೆಯೇ, ಕಡಲಲ್ಲಿಯೇ ಉಳಿದರೇ ಅವರಿಗೆ ತಿಳಿಯದು. "ಇದು ಮನೆಗೆ ಹತ್ತಿರ," ಎಂದರು, ಫಜ್ರಿಯ ಬಾಯಿಂದ. "ಮೊದಲು ಎಲ್ಲ ಸಮಾಧಿಗೂ ಹೋಗುತ್ತಿದ್ದೆ. ಆಮೇಲೆ ಕಾಲು ನೋಯತೊಡಗಿತು. ದೇವರಿಗೆ ವಿಳಾಸ ಗೊತ್ತಿದೆ."

ನೀಲಮ್ಮ ಅವರ ಪಕ್ಕದಲ್ಲಿ ಹುಲ್ಲಿನ ಮೇಲೆ ಕುಳಿತಳು. ಏಳುವಾಗ ಮರ್ದಿಯಾ ಕುಬುರ್, ಅಂದರೆ ಗೋರಿ, ಎಂದು ನೆಲ ತೋರಿಸಿ, ತಮ್ಮ ಎದೆಯ ಮೇಲೆ ಕೈಯಿಟ್ಟು, ಆಮೇಲೆ ನೀಲಮ್ಮನ ಎದೆಯ ಮೇಲೆ ಇಟ್ಟರು. ನೀಲಮ್ಮ ಆ ಕೈಯನ್ನು ಅಲ್ಲಿಯೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು.

ಮನೆಗೆ ಮರಳುವ ದಾರಿಯಲ್ಲಿ ನನಗೆ ಹೇಳಿದಳು: "ಆಕಿ ಹೇಳೋದು ಛಲೋ ಐತಿ. ಆದ್ರ ಆಕಿ ಮಂದೀನ ನೀರು ತಗೊಂಡು ಹೋತು, ಯಾರೂ ಕೇಳೂ ಹಂಗಿರಲಿಲ್ಲ. ನನ್ನನ್ನ ಕೇಳಬಹುದಿತ್ತಲ್ರಿ? ಒಂದು ಫೋನು."

ಗಚ್ಚಿಬೌಲಿ

ಮರಳಿ ಬಂದ ಮೇಲೆ ಪೈಪು ಏಕೆ ಸಿಡಿಯಿತೆಂದು ಕೇಳಲು ಹಲವು ಬಾಗಿಲುಗಳನ್ನು ತಟ್ಟಿದೆವು. ಗುತ್ತಿಗೆದಾರನ ಕಚೇರಿ ಬೇರೆ ಹೆಸರಿನಲ್ಲಿ ನಡೆಯುತ್ತಿತ್ತು. ಹಡಗಿನ ಮಾಲೀಕರು ತನಿಖೆ ನಡೆದಿದೆ ಎಂದರು, ಏನು ಕಂಡುಬಂತೆಂದು ಹೇಳಲಿಲ್ಲ. ತೆರೆದದ್ದು ಒಂದೇ ಬಾಗಿಲು. ಆ ಸಮೀಕ್ಷೆಯ ಮರುದನಿಗಳನ್ನು ಚಿತ್ರವಾಗಿಸುವ ಕೆಲಸದ ಒಂದು ಭಾಗ ಗಚ್ಚಿಬೌಲಿಯಲ್ಲಿಯೇ, ನಮ್ಮ ಮನೆಯಿಂದ ಒಂದು ಬಸ್ಸಿನ ದೂರದಲ್ಲಿ ನಡೆಯುತ್ತಿತ್ತು. ಅಲ್ಲಿಯ ಭೂವಿಜ್ಞಾನಿಯೊಬ್ಬರು, ಕಡಪದ ಕಡೆಯ ಹೆಣ್ಣುಮಗಳು, ಹೆಸರು ಬರೆಯಬಾರದೆಂಬ ಷರತ್ತಿನ ಮೇಲೆ ನಮ್ಮನ್ನು ಭೇಟಿಯಾದರು.

ಪರದೆಯ ಮೇಲೆ ಬೂದುಬಣ್ಣದ ಎಳೆಗಳು ಒಂದರ ಕೆಳಗೊಂದು ಬಾಗಿಕೊಂಡು ಇಳಿದಿದ್ದವು, ಕೌದಿಯ ಹೊಲಿಗೆಯಂತೆ. ಇದು ನಮ್ಮ ಕಡೆಯಿಂದ ಹೋದ ಫಲಕ, ಇದು ಸುಮಾತ್ರಾದ್ದು, ಇಲ್ಲಿ ಅಡಿಗೆ ನುಸುಳುತ್ತದೆ ಎಂದು ಅವರು ತೆಲುಗಿನಲ್ಲಿ ನೀಲಮ್ಮನಿಗೆ ನಿಧಾನವಾಗಿ ಹೇಳಿದರು. ಆಮೇಲೆ, ಯಾರೂ ಕೇಳದಿದ್ದರೂ, ತಾವೇ ಒಂದು ಕಡೆ ಬೆರಳಿಟ್ಟರು. ಎಳೆಗಳ ನಡುವೆ ಒಂದು ಕಿರಿದಾದ ಬಿಳಿಯ ಪಟ್ಟಿ.

"ಅಮ್ಮಾ, ಇಲ್ಲಿ ಬಂದೂಕುಗಳು ಹಾರಿಲ್ಲ. ನೀವು ಹೇಳಿದ ದಿನವೇ. ಹಡಗು ಮುಂದೆ ಸಾಗುತ್ತಲೇ ಇತ್ತು, ಹಿಂದೆ ಅಷ್ಟುದ್ದದ ಕೇಬಲ್ ಇರುವಾಗ ಅದು ನಿಲ್ಲುವಂತಿಲ್ಲ. ಸದ್ದು ಮಾತ್ರ ನಿಂತಿತ್ತು."

"ಎಷ್ಟು ಹೊತ್ತು?" ಎಂದೆ ನಾನು.

"ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಅಡ್ಡಾಗಿ ಏಳುವಷ್ಟು. ಆಮೇಲೆ ಗೆರೆ ಮತ್ತೆ ಶುರುವಾಗಿದೆ." ಅವರು ಬೆರಳನ್ನು ಪರದೆಯ ಅಂಚಿನತ್ತ ಸರಿಸಿದರು. "ಇದನ್ನು ಮುಗಿಸಿದ ಮೇಲೆ ಇನ್ನೂ ಹಲವು ಗೆರೆಗಳಿವೆ. ಎಲ್ಲವನ್ನೂ ಎಳೆದ ಮೇಲೆಯೇ ಹಡಗು ಬಂದರಿಗೆ ಹೋಗಿದೆ."

ನೀಲಮ್ಮ ಪರದೆಯ ಹತ್ತಿರ ಬಂದಳು. ಬಿಳಿಯ ಪಟ್ಟಿಯ ಮೇಲೆ ಉಗುರನ್ನಿಟ್ಟು ಅಳೆದಳು.

"ನಮ್ಮ ಹೊಲದ ಬದು ಇದಕಿಂತ ಅಗಲ ಐತಿ," ಎಂದಳು ನನಗೆ ಕನ್ನಡದಲ್ಲಿ. ಆಮೇಲೆ ತೆಲುಗಿನಲ್ಲಿ ಅವರನ್ನು ಕೇಳಿದಳು, ಇದು ಹೀಗೆಯೇ ಇರುತ್ತದೆಯೇ ಎಂದು.

ಇಲ್ಲ, ಎಂದರು ಆ ಹೆಣ್ಣುಮಗಳು ತಲೆ ತಗ್ಗಿಸಿ. ಎರಡೂ ಪಕ್ಕದ ಎಳೆಗಳನ್ನು ನೋಡಿ ನಡುವೆ ಏನಿರಬಹುದೆಂದು ಲೆಕ್ಕ ಹಾಕಿ ತುಂಬುತ್ತೇವೆ. ಚಿತ್ರ ಅಚ್ಚಾಗುವಾಗ ಕಾಣುವುದಿಲ್ಲ.

ವೇಳೆ ಇರಲಿಲ್ಲ ಎಂದಿದ್ದರು. ವೇಳೆ ಇತ್ತು. ಶೀತಲ ಕೋಣೆಯಲ್ಲಿ ಅವನನ್ನು ಮಲಗಿಸಿಕೊಂಡು ಗೆರೆಯ ಮೇಲೆ ಗೆರೆ ಎಳೆದಷ್ಟು ದಿನವೂ ವೇಳೆ ಇತ್ತು. ಉಪಗ್ರಹದ ಫೋನು ಹಡಗಿನಲ್ಲಿತ್ತು, ನೀಲಮ್ಮನ ನಂಬರು ಗುತ್ತಿಗೆದಾರನ ಬಳಿ ಇತ್ತು. ಗುರುಲಿಂಗಪ್ಪನ ಇಷ್ಟಲಿಂಗ ಈಗ ಸನತ್‌ನಗರದ ಒಂದು ಕೋಣೆಯ ಗೂಡಿನಲ್ಲಿದೆ. ಅದಕ್ಕೆ ಪೂಜೆ ಮಾಡಬೇಕೇ, ಮಣ್ಣು ಮಾಡಬೇಕೇ ಎಂದು ಊರಿನ ಅಯ್ಯನವರೂ ಹೇಳಲಾರದೆ ಹೋದರು. ನೀಲಮ್ಮ ಬೆಳಗ್ಗೆ ಎದ್ದು ಅದಕ್ಕೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಾಳೆ.

ಆದುದರಿಂದ ಆ ಹಡಗಿನ ಮಾಲೀಕರಿಗೆ, ಹೆಸರು ಬದಲಿಸಿಕೊಂಡ ಗುತ್ತಿಗೆದಾರನಿಗೆ, ಮತ್ತು ಇಂಥ ಸಮೀಕ್ಷೆಗಳ ಚಿತ್ರವನ್ನು ಬಳಸುವ ನಮ್ಮ ದೇಶದ ಪ್ರತಿಯೊಂದು ಸಂಸ್ಥೆಗೆ ನನ್ನ ಒತ್ತಾಯ ಇದು. ಪೈಪಿನ ತನಿಖೆಯಲ್ಲಿ ಕಂಡದ್ದನ್ನು ನೀಲಮ್ಮನಿಗೆ ಅವಳು ಓದಬಲ್ಲ ಕನ್ನಡದಲ್ಲಿ ಕೊಡಿ. ಆ ಬಿಳಿಯ ಪಟ್ಟಿಯನ್ನು ತುಂಬಬೇಡಿ, ಅಚ್ಚಿನಲ್ಲಿ ಹಾಗೆಯೇ ಬಿಟ್ಟು, ಅಲ್ಲಿ ಸತ್ತವನ ಹೆಸರು ಬರೆಯಿರಿ. ಮತ್ತು ಇನ್ನು ಮುಂದೆ ಹಡಗಿನ ಮೇಲೆ ಒಬ್ಬ ಕೆಲಸಗಾರ ಸತ್ತರೆ, ಅವನ ಮೈ ಮುಟ್ಟುವ ಮೊದಲು ಅವನ ಮನೆಗೆ ಫೋನ್ ಮಾಡಿ, ನಿಮ್ಮಲ್ಲಿ ಹೇಗೆ ಮಾಡುತ್ತಾರೆ ಎಂದು ಕೇಳುವುದನ್ನು ಕರಾರಿನ ಮೊದಲ ಕಲಮಾಗಿ ಸೇರಿಸಿ. ಉತ್ತರ ಬರುವವರೆಗೆ ಬಂದೂಕುಗಳು ಸುಮ್ಮನಿರಲಿ.